ಒಂದು ಅಂಗಡಿಗೆ ಯಾವತ್ತೂ ಪುಕ್ಕಟೆ

ನಮ್ಮ ಯಜಮಾನರು ಹೋಗಿ ಕೆಲವು ತಿಂಗಳಾಯಿತು. ವ್ಯಾಪಾರಿಗಳ ಸಂಘದ ವರ್ಷದ ಪುಸ್ತಕಕ್ಕೆ ಅವರ ಬಗ್ಗೆ ಒಂದಿಷ್ಟು ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದರು. ಬೇರೆಯವರು ಬರೆದರೆ ಮಹಾನುಭಾವ, ಆದರ್ಶ ಜೀವಿ ಎಂದೆಲ್ಲ ಬರೆಯುತ್ತಾರೆ. ಅದನ್ನು ಓದಿದ್ದರೆ ಅವರಿಗೆ ನಗು ಬರುತ್ತಿತ್ತು. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಅವರು ಸತ್ತದ್ದನ್ನು ಬರೆಯುವುದಿಲ್ಲ. ಅದು ನಿಮಗೆಲ್ಲ ಗೊತ್ತು, ಬಂದಿದ್ದಿರಿ. ಅವರು ಗೆದ್ದದ್ದನ್ನು ಬರೆಯುತ್ತೇನೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಕಂಡವಳು ನಾನು.

ನಿಮ್ಮಲ್ಲಿ ಹಳಬರಿಗೆ ಅವರು 'ತಕ್ಕಡಿ' ಎಂದೇ ಗೊತ್ತು. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದರು. ಸ್ಕೂಟರಿನ ಹಿಂದೆ ಯಾವಾಗಲೂ ಒಂದು ಬದಲಿ ತಕ್ಕಡಿ ಕಟ್ಟಿರುತ್ತಿತ್ತು. ಕೆಟ್ಟದ್ದನ್ನು ಒಯ್ದು, ಸರಿಯಾಗಿ ಬರುವವರೆಗೆ ಇದರಲ್ಲಿ ತೂಗಿ ಎಂದು ಅದನ್ನು ಬಿಟ್ಟು ಬರುತ್ತಿದ್ದರು. ಅದಕ್ಕೆ ಬಾಡಿಗೆ ಇಲ್ಲ. ನಾನು ಬೈಯುತ್ತಿದ್ದೆ.

"ರೀ, ಅದಕ್ಕೂ ಏನಾದ್ರೂ ತಗೊಳ್ಳಿ. ಧರ್ಮಕ್ಕೆ ಕೊಟ್ಟು ಬರ್ತೀರಲ್ಲ."

"ಬಾಡಿಗೆ ಕೇಳಿದ್ರೆ ಅವನು ರಿಪೇರಿಗೇ ಕೊಡಲ್ಲ ಕಣೇ. ಕೆಟ್ಟದ್ರಲ್ಲೇ ತೂಗ್ತಾನೆ."

ಅವರು ಹೇಳಿದ್ದು ಸರಿ ಎಂದು ನನಗೆ ಬರುಬರುತ್ತಾ ತಿಳಿಯಿತು. ರಿಪೇರಿಯಾದ ತಕ್ಕಡಿ ಒಯ್ದಾಗ, ವ್ಯಾಪಾರ ಬೆಳೆದ ಅಂಗಡಿಯವರು ಬದಲಿಯನ್ನು ಬಿಡುತ್ತಿರಲಿಲ್ಲ. ಎರಡನೇ ಗಲ್ಲಾ ಹಾಕಿದ್ದೇವೆ, ಇದೂ ಇರಲಿ, ರೇಟು ಹೇಳಿ ಎನ್ನುತ್ತಿದ್ದರು. ವ್ಯಾಪಾರ ಬೆಳೆಯದವರು ವಾಪಸ್ ಕೊಡುತ್ತಿದ್ದರು. ಅವರ ಮೇಲೂ ಇವರಿಗೆ ಬೇಸರವಿಲ್ಲ. ನಮ್ಮ ಮನೆಯ ಖರ್ಚು ರಿಪೇರಿಯಿಂದ ಹೇಗೋ ನಡೆಯುತ್ತಿತ್ತು. ಮನೆಯ ಮಾಡು ಎದ್ದದ್ದು ವಾಪಸ್ ಬಾರದ ಆ ತಕ್ಕಡಿಗಳಿಂದ.

ನನ್ನ ತಮ್ಮ ಕಂಪ್ಯೂಟರ್ ಓದಿದವನು. ದೊಡ್ಡ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ದೊಡ್ಡ ದೊಡ್ಡ ಮಳಿಗೆಗಳ ಮಾಲೀಕರಿಗೆ, ಯಾವ ಮಾಲು ಓಡುತ್ತಿದೆ, ಯಾವುದು ಕೂತಿದೆ, ಯಾವ ಊರಿನ ಶಾಖೆಯಲ್ಲಿ ಲಾಭ, ಎಲ್ಲಿ ನಷ್ಟ ಎಂದು ಬಣ್ಣದ ಪಟ್ಟಿಗಳಲ್ಲಿ ತೋರಿಸುವ ಸಾಫ್ಟ್‌ವೇರ್ ಅವರದು. ಮೇಲಿನವರ ಜೊತೆ ಜಗಳವಾಡಿ ಬಿಟ್ಟು ಬಂದು ನಮ್ಮ ಹಜಾರದಲ್ಲಿ ಬಿಡಾರ ಹೂಡಿದ. ಒಂದು ದಿನ ಊಟ ಮಾಡುತ್ತಾ ಇವರು ಕೇಳಿದರು.

"ಅಲ್ಲ ಕಣೋ, ಇದು ಸಣ್ಣ ಅಂಗಡಿಯವನಿಗೆ ಯಾಕಿಲ್ಲ? ಅವನ ಮಾಲೂ ಕೂತಿರುತ್ತಲ್ಲ."

"ಅವನಿಂದ ಆಗಲ್ಲ ಭಾವ. ರೇಟು ಕೇಳಿದ್ರೆ ತಲೆ ಸುತ್ತಿ ಬೀಳ್ತಾನೆ."

"ರೇಟು ಇಟ್ಟಿದ್ದು ಯಾರು? ದೇವರಾ?"

ನನ್ನ ತಮ್ಮ ಅನ್ನ ಕಲಸುವುದನ್ನು ನಿಲ್ಲಿಸಿದ. ಸಣ್ಣ ಅಂಗಡಿಯವರ ಸಾಫ್ಟ್‌ವೇರ್ 'ಕೈಗನ್ನಡಿ' ಹುಟ್ಟಿದ್ದು ಹೀಗೆ. ಆ ಹೆಸರನ್ನೂ ಇವರೇ ಇಟ್ಟರು. ಬಿಲ್ ಮಾಡುವ ಮೆಷಿನ್ನಿನಿಂದ ಲೆಕ್ಕ ತಾನಾಗಿಯೇ ಫೋನಿಗೆ ಬರುತ್ತದೆ. ಓಡುವ ಮಾಲು ಹಸಿರು, ಕೂತ ಮಾಲು ಕೆಂಪು. ನನಗೇ ಅರ್ಥವಾಯಿತು ಎಂದ ಮೇಲೆ ಎಲ್ಲರಿಗೂ ಆಗುತ್ತದೆ ಎಂದು ಇವರು ಒಪ್ಪಿದರು. ಆ ಮಾತಿಗೆ ನಾನು ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಲೆಕ್ಕವೆಲ್ಲ ಕೂಡಿಡಲು ದೂರದಲ್ಲೆಲ್ಲೋ ಬಾಡಿಗೆ ಕಂಪ್ಯೂಟರ್ ಬೇಕು. ಕೆಲಸಕ್ಕೆ ಇಬ್ಬರು ಹುಡುಗಿಯರು ಬೇಕು. ಅದಕ್ಕೆ ಟೈಲ್ಸ್ ಮಳಿಗೆಯ ಸಾಹುಕಾರರು ಪಾಲುದಾರರಾಗಿ ಹಣ ಹಾಕಿದರು. ಅವರ ತೂಕದ ಮೆಷಿನ್ನನ್ನೂ ಇವರೇ ರಿಪೇರಿ ಮಾಡಿದ್ದರು. ಆ ನಂಬಿಕೆ.

ಬೆಲೆ ಹೇಗೆ ಇಡುವುದು ಎಂದಾಗ ಇವರು ಹಿಂದೆ ಮುಂದೆ ನೋಡಲಿಲ್ಲ. ಒಂದು ಅಂಗಡಿ ಇದ್ದವರಿಗೆ ಯಾವತ್ತೂ ಪುಕ್ಕಟೆ. ಎರಡನೇದು ಹಾಕಿದಾಗ ದುಡ್ಡು ಕೊಡಲಿ. ಬದಲಿ ತಕ್ಕಡಿಯ ಲೆಕ್ಕವೇ ಅದು. ಇದನ್ನು ಅವರು ಜಾಹೀರಾತು ಕೊಟ್ಟು ಹೇಳಲಿಲ್ಲ. ಅಂಗಡಿ ಅಂಗಡಿಗೆ ಹೋಗಿ, ಗಲ್ಲಾದ ಮೇಲೆ ಅಂಗೈ ಊರಿ ಹೇಳಿದರು. ಸೈಕಲ್ ಅಂಗಡಿಯವರು ಕೇಳಿದರಂತೆ:

"ಪುಕ್ಕಟೆ ಅಂತ ಕೊಟ್ಟು ಆಮೇಲೆ ಏನು ಕಿತ್ಕೋತೀರಿ ಮಾರಾಯ್ರೇ?"

"ಏನೂ ಕಿತ್ಕೊಳ್ಳಲ್ಲ."

"ಬರ್ದು ಕೊಡ್ತೀರಾ?"

"ನಿಮಗೆ ತಕ್ಕಡಿ ಕೊಟ್ಟಾಗ ಬರ್ದು ಕೊಟ್ಟಿದ್ನಾ?"

ಸೈಕಲ್ ಅಂಗಡಿಯವರು ಫೋನ್ ತೆಗೆದು ಇವರ ಕೈಗೆ ಕೊಟ್ಟರು. ಒಂದು ಬೀದಿಯಿಂದ ಇನ್ನೊಂದಕ್ಕೆ, ಒಂದು ಪೇಟೆಯಿಂದ ಇನ್ನೊಂದಕ್ಕೆ ಕೈಗನ್ನಡಿ ಹೋಯಿತು. ಇವರು ಹೋಗದ ಊರುಗಳಿಗೂ ಹೋಯಿತು.

ಆದರೆ ದುಡ್ಡು ಬರಲಿಲ್ಲ.

ದುಡ್ಡು ಕೊಡುವವರಿಗೆಂದು ನನ್ನ ತಮ್ಮ ಬೇರೆಯೇ ಒಂದು ಸಾಫ್ಟ್‌ವೇರ್ ಮಾಡಿದ್ದ. ಅದಕ್ಕೆ ನಾವು 'ದೊಡ್ಡದು' ಎನ್ನುತ್ತಿದ್ದೆವು. ಅದರಲ್ಲಿ ಎಲ್ಲ ಶಾಖೆಗಳೂ ಒಟ್ಟಿಗೆ ಕಾಣುತ್ತವೆ. ಮುಂದಿನ ತಿಂಗಳು ಎಷ್ಟು ಓಡಬಹುದು ಎಂಬ ಅಂದಾಜು, ಆಡಿಟರಿಗೆ ಬೇಕಾದ ಪಟ್ಟಿ, ಯಾವ ಕೆಲಸಗಾರ ಎಷ್ಟು ಮಾರಿದ, ಬೆಳಿಗ್ಗೆ ಎದ್ದೊಡನೆ ಒಂದು ಮೇಲ್, ಏನುಂಟು ಏನಿಲ್ಲ. ಅವನಿಗೆ ಬಂದ ವಿದ್ಯೆಯನ್ನೆಲ್ಲ ಅದರಲ್ಲಿ ಸುರಿದಿದ್ದ. ಬೆಲೆಯೂ ಹಾಗೇ ಇಟ್ಟಿದ್ದ. ಒಬ್ಬ ಗುಮಾಸ್ತನನ್ನು ಇಟ್ಟುಕೊಂಡರೆ ತಿಂಗಳಿಗೆ ಆಗುವಷ್ಟು. ಅದನ್ನು ಯಾರೂ ಕೊಳ್ಳಲಿಲ್ಲ. ಪುಕ್ಕಟೆಯವರು ಬರುತ್ತಲೇ ಇದ್ದರು. ಬಾಡಿಗೆ ಕಂಪ್ಯೂಟರಿನ ಖರ್ಚು ಏರುತ್ತಲೇ ಇತ್ತು.

ಎರಡನೇ ವರ್ಷ ಮುಗಿಯುತ್ತಾ ಬಂದಾಗ ಸಾಹುಕಾರರು ನಮ್ಮ ಹಜಾರಕ್ಕೆ ಬಂದು ಕೂತರು. ಕೆಟ್ಟವರಲ್ಲ ಅವರು. ಎರಡು ವರ್ಷ ಕೈ ಕಚ್ಚಿಸಿಕೊಂಡಿದ್ದರು.

"ಮಳಿಗೆ ಬಾಗಿಲು ತೆಗೆದು ಒಳಗೆ ಬಂದೋರಿಗೆಲ್ಲ ಕುರ್ಚಿ ಹಾಕ್ತಾ ಕೂತಿದ್ದೀವಿ ತಕ್ಕಡಿ. ಕೂತವರು ಎದ್ದು ಹೋಗಲ್ಲ, ಮಾಲೂ ತಗೊಳ್ಳಲ್ಲ. ಫ್ಯಾನ್ ಬೇರೆ ಹಾಕಿ ಅಂತಾರೆ."

"ಏನು ಮಾಡೋಣ ಅಂತೀರಿ?"

"ಪರದೆ ಎಳೆಯೋಣ. ಒಂದು ತಿಂಗಳು ಪುಕ್ಕಟೆ. ಆಮೇಲೆ ಸ್ಕ್ರೀನ್ ಕಪ್ಪು. ಬೇಕಾದವರು ದುಡ್ಡು ಕಟ್ಲಿ. ಎಲ್ಲ ಕಂಪನಿಯೋರೂ ಹಾಗೇ ಮಾಡೋದು. ಕೇಳಿ ನಿಮ್ಮ ಭಾಮೈದನ್ನ."

ನನ್ನ ತಮ್ಮ ತಲೆ ತಗ್ಗಿಸಿಕೊಂಡು ಹೇಳಿದ: "ಹೌದು ಭಾವ. ಹಾಗೇ ಮಾಡೋದು."

ಇವರು ನನ್ನ ಕಡೆ ನೋಡಿದರು. ನಾನು ಚಹಾದ ಲೋಟ ಹಿಡಿದು ನಿಂತಿದ್ದೆ. ಒಂದು ಕಡೆ ಒಡಹುಟ್ಟಿದವನು, ಇನ್ನೊಂದು ಕಡೆ ಕಟ್ಟಿಕೊಂಡವರು. ಲೋಟ ಯಾರಿಗೆ ಮೊದಲು ಕೊಡುವುದು ಎಂದು ತಿಳಿಯದೆ ಸಾಹುಕಾರರಿಗೆ ಕೊಟ್ಟೆ.

"ಯಾವತ್ತೂ ಪುಕ್ಕಟೆ ಅಂತ ನಾನು ಮಾತು ಕೊಟ್ಟಿದ್ದೀನಿ ಸಾಹುಕಾರ್ರೇ," ಎಂದರು ಇವರು. "ಒಬ್ಬೊಬ್ಬರ ಎದುರಿಗೆ ನಿಂತು ಹೇಳಿದ್ದೀನಿ. ಪರದೆ ಎಳೆದ್ರೆ ನಾನು ಆ ಬೀದೀಲಿ ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ."

"ಮಾತು ನಿಮ್ದು. ದುಡ್ಡು ನನ್ದು."

"ಈ ವರ್ಷ ಮುಗಿಯೋ ತನಕ ಟೈಮ್ ಕೊಡಿ."

ಸಾಹುಕಾರರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು. "ಆಯ್ತು. ಆದ್ರೆ ಒಂದು. ಆಗ್ಲಿಲ್ಲ ಅಂದ್ರೆ ಪರದೆ ಬೀಳುತ್ತೆ ಅನ್ನೋದನ್ನ ನೀವೇ ಅಂಗಡಿ ಅಂಗಡಿಗೆ ಹೋಗಿ ಹೇಳ್ಬೇಕು. ನಾನು ಕೆಟ್ಟವನಾಗಲ್ಲ."

"ಆಯ್ತು. ಆದ್ರೆ ಗೆದ್ರೆ?"

"ಗೆದ್ರೆ ನಾನೇ ನಿಮ್ಮ ಜೊತೆ ಬಂದು, ಪುಕ್ಕಟೆ ಹೋಗಲ್ಲ ಅಂತ ಎಲ್ಲರಿಗೂ ಹೇಳ್ತೀನಿ."

ಈ ಮಾತು ಹೇಗೋ ಹೊರಗೆ ಹೋಯಿತು. ತಮ್ಮನ ಬಾಯಿಂದಲೇ ಹೋಗಿರಬೇಕು, ಅವನ ಬಾಯಿಗೆ ಚಿಲಕವಿಲ್ಲ. ಬೀದಿಯಲ್ಲಿ ಸೈಕಲ್ ಅಂಗಡಿಯವರು ಇವರನ್ನು ನಿಲ್ಲಿಸಿ, "ಮುಚ್ತೀರಂತೆ?" ಎಂದು ಕೇಳಿದರು. ಇವರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆಮೇಲೆ ಕೆಲವರು ಇವರನ್ನು ಕಂಡರೆ ಗಲ್ಲಾದ ಕೆಳಗೆ ಏನೋ ಹುಡುಕುವವರ ಹಾಗೆ ಬಗ್ಗುತ್ತಿದ್ದರು. ಮನೆಗೆ ಬಂದು ಇವರು ಚಪ್ಪಲಿ ಬಿಟ್ಟು ಅಲ್ಲೇ ಹೊಸಿಲ ಹತ್ತಿರ ಕೂತುಬಿಡುತ್ತಿದ್ದರು.

ಅಷ್ಟರಲ್ಲಿ ಅವರ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರದಲ್ಲಿ ಮೂರು ದಿನ ಡಯಾಲಿಸಿಸ್. ಉದ್ದನೆಯ ಕೋಣೆ, ಸಾಲಾಗಿ ಹಾಸಿಗೆ, ಒಂದೊಂದರ ಪಕ್ಕ ಒಂದೊಂದು ಮೆಷಿನ್. ಕೈಗೆ ನಳಿಗೆ ಚುಚ್ಚಿ ಮಲಗಿಸಿದರೆ ಅರ್ಧ ದಿನ ಅಲ್ಲಾಡುವ ಹಾಗಿಲ್ಲ. ಕುಡಿಯುವ ನೀರೂ ಅಳತೆಯದು. ನಾನು ಬಾಟಲಿಗೆ ಗೆರೆ ಹಾಕಿ ಕೊಡುತ್ತಿದ್ದೆ. ಈಗಲೂ ಒಮ್ಮೊಮ್ಮೆ ಕೈ ಹಾಗೇ ಗೆರೆ ನೋಡಿ ನೀರು ತುಂಬಿಸುತ್ತದೆ.

ಒಂದು ದಿನ ಪಕ್ಕದ ಹಾಸಿಗೆಗೆ ಹೊಸಬರು ಬಂದರು. ದಪ್ಪ ಆಳು, ಮೈಯಿಂದ ಬ್ರೆಡ್ಡಿನ ವಾಸನೆ. ಮೂರು ಬೇಕರಿಗಳ ಮಾಲೀಕರು. ನರ್ಸಮ್ಮ ನಳಿಗೆ ಚುಚ್ಚಿ ಆ ಕಡೆ ಹೋದದ್ದೇ ತಡ, ಅವರು ಖಾಲಿ ಇದ್ದ ಕೈಯನ್ನು ಚೀಲಕ್ಕೆ ಹಾಕಿ ಒಂದು ಫೋನ್ ತೆಗೆದು ಹೊದಿಕೆಯ ಮೇಲೆ ಇಟ್ಟರು. ಇನ್ನೊಂದು ತೆಗೆದರು. ಅದರ ಪಕ್ಕ ಇಟ್ಟರು. ಮೂರನೆಯದೂ ಬಂತು. ಮೂರರ ಬೆನ್ನಿಗೂ ಬೇರೆ ಬೇರೆ ಬಣ್ಣದ ಟೇಪು. ಮೂರರಲ್ಲೂ ಹಸಿರು, ಕೆಂಪು ಪಟ್ಟಿಗಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕೈ ಅದುಮಿದರು. ಸುಮ್ಮನಿರು ಎಂದು.

"ಏನಣ್ಣ ಅದು, ಫೋನ್ ಅಂಗಡೀನೇ ತಂದಿದ್ದೀರಿ?"

"ಕೈಗನ್ನಡಿ ಅಂತ. ಕೇಳಿಲ್ವಾ?" ಬೇಕರಿಯವರಿಗೆ ಹೇಳಿಕೊಳ್ಳಲು ಯಾರೋ ಬೇಕಿತ್ತು. "ಒಂದು ಅಂಗಡಿಗೆ ಪುಕ್ಕಟೆ. ಎರಡಾದ್ರೆ ದುಡ್ಡು. ನನ್ನವು ಮೂರು. ನಾನೇನು ಮಾಡ್ದೆ, ಮೂರು ಹಳೇ ಫೋನಿಗೆ ಮೂರು ಪುಕ್ಕಟೆ ಹಾಕಿಸ್ದೆ. ಹೇಗೆ?"

"ಭಲೇ."

"ಇದನ್ನ ಮಾಡ್ದೋನು ಯಾವನೋ ಶುದ್ಧ ಪೆದ್ದ ಇರ್ಬೇಕು."

"ಇರ್ಬೇಕು," ಎಂದರು ಇವರು. ಮುಖ ಕಲ್ಲಿನ ಹಾಗೆ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಪೆದ್ದ ಆದ್ರೂ ಒಳ್ಳೇ ಪೆದ್ದ. ಇದಿಲ್ದೆ ನಂಗೆ ಬೆಳಗಾಗಲ್ಲ. ಆದ್ರೆ ಕಾಟ ಒಂದೆರಡಲ್ಲ. ಒಂದಕ್ಕೆ ಚಾರ್ಜ್ ಇದ್ರೆ ಇನ್ನೊಂದಕ್ಕಿಲ್ಲ. ತಿಂಗಳಿಗೊಂದು ಚಾರ್ಜರ್ ಸುಟ್ಟು ಹೋಗುತ್ತೆ. ಮೊನ್ನೆ ಏನಾಯ್ತು ಗೊತ್ತಾ? ನಮ್ಮನೆಯೋಳು ಮೇಜು ಒರೆಸೋವಾಗ ಮೂರನ್ನೂ ತೊಳೆದಿಟ್ಟ ಹಾಗೆ ಒರೆಸಿಟ್ಟಿದ್ದಾಳೆ. ಟೇಪು ಕಿತ್ತು ಬಂದಿದೆ. ಅವಳೇ ವಾಪಸ್ ಅಂಟ್ಸಿದ್ದಾಳೆ, ಯಾವುದಕ್ಕೆ ಯಾವುದೋ. ಬೆಳಿಗ್ಗೆ ಎದ್ದು ನೋಡ್ತೀನಿ, ಬಸ್‌ಸ್ಟ್ಯಾಂಡ್ ಅಂಗಡೀಲಿ ಬನ್ನು ಖಾಲಿ. ಒಂದು ಓವನ್ ಬನ್ನು ಅಲ್ಲಿಗೆ ಕಳಿಸ್ದೆ. ಖಾಲಿ ಆಗಿದ್ದು ಆಸ್ಪತ್ರೆ ಪಕ್ಕದ್ದು ಕಣ್ರೀ. ಬಸ್‌ಸ್ಟ್ಯಾಂಡಿನೋನು ಬನ್ನಿನ ಮಧ್ಯೆ ಕೂತು ಫೋನ್ ಮಾಡ್ತಾನೆ, ಅಣ್ಣಾ, ಗೋಡೆ ಕಟ್ಸೋಕೆ ಕಳಿಸಿದ್ರಾ ಅಂತ."

ಇವರು ನಕ್ಕರು. ನಗುತ್ತಲೇ ಕೇಳಿದರು. "ಮೂರೂ ಒಂದೇ ಫೋನಲ್ಲಿ ಬರೋ ದೊಡ್ಡದು ಇದೆಯಂತಲ್ಲ, ಅದನ್ನ ಯಾಕೆ ತಗೊಳ್ಳಲಿಲ್ಲ?"

"ವಿಚಾರಿಸ್ದೆ. ಗುಮಾಸ್ತನ ಸಂಬಳ ಹೇಳ್ತಾರೆ. ಜೊತೆಗೆ ಏನೇನೋ ಹಾಳುಮೂಳು ಕಟ್ಟಿ ಕೊಡ್ತಾರಂತೆ, ಮುಂದಿನ ತಿಂಗಳ ಭವಿಷ್ಯ ಎಲ್ಲ. ನಂಗೆ ಭವಿಷ್ಯ ಯಾಕೆ? ಮೂರು ಬೇಕರಿ ಒಂದೇ ಕಡೆ ಕಂಡ್ರೆ ಸಾಕು."

"ಅಷ್ಟೇ ಕೊಟ್ರೆ, ಮನೆಯೋರನ್ನ ಕೇಳ್ದೆ ಎಷ್ಟು ಕೊಡ್ತೀರಿ?"

"ಅವಳನ್ನ ಕೇಳ್ದೆಯಾ?" ಬೇಕರಿಯವರು ಮೇಲೆ ಫ್ಯಾನನ್ನು ನೋಡಿದರು. "ಅವಳನ್ನ ಕೇಳ್ದೆ ನಾನು ತಗೊಳ್ಳೋದು ಚಾರ್ಜರ್ ಒಂದೇ. ಅಷ್ಟು ಕೊಡ್ತೀನಿ. ತಿಂಗಳಿಗೆ ಒಂದು ಚಾರ್ಜರ್. ತೀರಾ ಅಂದ್ರೆ ಎರಡು."

ನರ್ಸಮ್ಮ ಬಂದು ಗದರಿದರು. "ಇಲ್ಲಿಗೆ ರಕ್ತ ಶುದ್ಧಿ ಮಾಡ್ಸೋಕೆ ಬಂದಿದ್ದೀರೋ ಚೌಕಾಸಿ ಮಾಡೋಕೆ ಬಂದಿದ್ದೀರೋ? ಕೈ ಅಲ್ಲಾಡಿಸ್ಬೇಡಿ."

ಆಟೋದಲ್ಲಿ ಮನೆಗೆ ಬಂದೆವು. ಡಯಾಲಿಸಿಸ್ ಆದ ದಿನ ಇವರು ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಿದ್ದರು. ಅವತ್ತು ಮಾತ್ರ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ತಮ್ಮನ ಮುಂದೆ ಹೋಗಿ ನಿಂತರು.

"ಒಬ್ಬನೇ ಆಳು ಎರಡು, ಮೂರು ಪುಕ್ಕಟೆ ಹಾಕ್ಕೊಂಡಿದ್ರೆ ನಿಂಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಭಾವ. ತುಂಬ ಜನ ಇದ್ದಾರೆ. ಕಳ್ಳರು. ಮುಂದಿನ ವಾರ ಎಲ್ಲರನ್ನೂ ಬ್ಲಾಕ್ ಮಾಡ್ತೀನಿ."

"ಬ್ಲಾಕ್ ಮಾಡ್ಬೇಡ. ಬೆಲೆ ಹೇಳು."

"ಯಾವ ಬೆಲೆ?"

ಇವರು ಕೂತು ಹೇಳಿದರು. ಮೊದಲನೇ ಅಂಗಡಿ ಪುಕ್ಕಟೆ, ಅದು ಹಾಗೇ. ಎರಡನೇದರಿಂದ ಅಂಗಡಿಗೊಂದು ಚಾರ್ಜರಿನ ಬೆಲೆ. ಅದರಲ್ಲಿ ಬೇರೆ ಏನೂ ಇರಬಾರದು. ಎಲ್ಲ ಅಂಗಡಿ ಒಂದು ಫೋನಿನಲ್ಲಿ, ಪಕ್ಕಪಕ್ಕದಲ್ಲಿ, ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿ. ಅಷ್ಟೇ.

ತಮ್ಮ ಉರಿದುಬಿದ್ದ. "ಅಷ್ಟು ಕಮ್ಮಿನಾ? ಮರ್ಯಾದೆ ಬೇಡ್ವಾ ಭಾವ? ಹಾಗೆ ಕೊಟ್ರೆ ನಮ್ಮ ದೊಡ್ಡದನ್ನ ಯಾರು ತಗೋತಾರೆ?"

"ಈಗ ಯಾರು ತಗೊಂಡಿದ್ದಾರೆ?"

ನನ್ನ ತಮ್ಮ ಸಹಾಯಕ್ಕೆ ನನ್ನ ಕಡೆ ತಿರುಗಿದ. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ.

"ನೋಡೋ," ಎಂದರು ಇವರು, ಈಗ ಮೆಲ್ಲಗೆ. "ಅವನು ಮೂರು ಫೋನ್ ಸಾಕ್ತಿದ್ದಾನೆ. ಆಸ್ಪತ್ರೆ ಹಾಸಿಗೆಗೂ ಹೊತ್ಕೊಂಡು ಬರ್ತಾನೆ. ನಮ್ದು ಅಷ್ಟು ಬೇಕಾಗಿದೆ ಅವನಿಗೆ. ಮೂರು ಫೋನಿನ ಕಾಟ ಒಂದು ಕಡೆ ಇಡು, ನಮ್ಮ ಬೆಲೆ ಒಂದು ಕಡೆ ಇಡು. ಕಾಟ ಜಾಸ್ತಿ ತೂಗ್ಬೇಕು. ಅಷ್ಟು ಮಾಡಿದ್ರೆ ಸಾಕು, ಅವನಾಗೇ ಬರ್ತಾನೆ."

ತಮ್ಮ ಎರಡು ದಿನ ಮುನಿಸಿಕೊಂಡಿದ್ದ. ಮೂರನೇ ದಿನ ಮಾಡಲು ಕೂತ. ಮಾಡುವಾಗ ಅವನೇ ಮೆತ್ತಗಾದ. ಅವನಿಗೆ ಗೊತ್ತಿದ್ದ ಆ 'ಕಳ್ಳರು' ಯಾರು ಯಾರು ಎಂದು ನೋಡುತ್ತಾ ಹೋದರೆ ದಿನಾ ಬೆಳಿಗ್ಗೆ ಎದ್ದು ಮೊದಲು ಕೈಗನ್ನಡಿ ತೆರೆಯುವವರೇ ಅವರು. ಔಷಧಿ ಅಂಗಡಿಯವರು, ಚಪ್ಪಲಿ ಅಂಗಡಿಯವರು, ಪಾತ್ರೆ ಮಳಿಗೆಯವರು. ಒಬ್ಬರಂತೂ ಐದು ಫೋನುಗಳನ್ನು ಹಲಗೆಗೆ ಮೊಳೆ ಹೊಡೆದು ಗೋಡೆಗೆ ನೇತುಹಾಕಿದ್ದರಂತೆ.

ಅವರಿಗೆ ಕಳಿಸುವ ಸಂದೇಶವನ್ನು ಇವರೇ ಹೇಳಿ ಬರೆಸಿದರು. ತಮ್ಮ ನಯವಾಗಿ ಏನೇನೋ ಬರೆದಿದ್ದ, ಎಲ್ಲ ಹೊಡೆದು ಹಾಕಿಸಿದರು. ಉಳಿದದ್ದು ಇಷ್ಟು. 'ನೀವು ಒಂದೊಂದು ಅಂಗಡಿಯನ್ನು ಒಂದೊಂದು ಫೋನಿನಲ್ಲಿ ನೋಡುತ್ತಿದ್ದೀರಿ ಎಂದು ನಮಗೆ ಗೊತ್ತು. ಕೋಪವಿಲ್ಲ. ಹಾಗೇ ನೋಡುತ್ತಿರಿ, ಯಾರೂ ತಡೆಯುವುದಿಲ್ಲ. ಫೋನುಗಳ ಕಾಟ ಸಾಕೆನಿಸಿದ ದಿನ ಹೇಳಿ, ಎಲ್ಲವನ್ನೂ ಒಂದಕ್ಕೆ ತರುತ್ತೇವೆ. ಎರಡನೇ ಅಂಗಡಿಯಿಂದ, ತಿಂಗಳಿಗೆ ಅಂಗಡಿಗೊಂದು ಚಾರ್ಜರಿನ ಬೆಲೆ.'

ದುಡ್ಡು ಬಂದರೆ ತಮ್ಮನ ಫೋನು 'ಟಿಣ್' ಎನ್ನುವ ಹಾಗೆ ಇಟ್ಟಿದ್ದ. ಸಂದೇಶ ಹೋದ ದಿನ ಟಿಣ್ ಎನ್ನಲಿಲ್ಲ. ಮರುದಿನವೂ ಇಲ್ಲ.

"ಕೂತು ನಗ್ತಿರ್ತಾರೆ ಭಾವ," ಎಂದ ತಮ್ಮ. "ಬ್ಲಾಕ್ ಮಾಡಲ್ಲ ಅಂತ ನಾವೇ ಬರ್ದು ಕೊಟ್ಟಿದ್ದೀವಿ."

ಇವರು ಬನಿಯನ್ನಿನಲ್ಲಿ ಗೋಡೆಗೆ ಒರಗಿ ಕೂತು ಆ ಫೋನನ್ನೇ ನೋಡುತ್ತಿದ್ದರು. ವರ್ಷ ಮುಗಿಯಲು ಹೆಚ್ಚು ದಿನ ಇರಲಿಲ್ಲ. ಬೀದಿಗೆ ಹೋಗಿ ಆ ಮಾತು ಹೇಳಬೇಕಾಗುತ್ತದೆಯೇನೋ ಎಂದು ಅವರು ಒಳಗೊಳಗೇ ಅದನ್ನು ಹೇಳಿ ನೋಡುತ್ತಿದ್ದಾರೆ ಎಂದು ನನಗೆ ಅನಿಸಿತು. ತುಟಿ ಅಲ್ಲಾಡುತ್ತಿತ್ತು.

ಮರುದಿನ ಡಯಾಲಿಸಿಸ್. ಬೇಕರಿಯವರು ಆಗಲೇ ಮಲಗಿದ್ದರು. ಇವರನ್ನು ಕಂಡದ್ದೇ ಮುಖ ಗಂಟು ಹಾಕಿದರು.

"ನೀವೇನಾ?"

"ಯಾರು?"

"ಚಾರ್ಜರ್ ವಿಷ್ಯ ನಾನು ಹೇಳಿದ್ದು ನಿಮಗೊಬ್ಬರಿಗೇ. ಅದೇ ಮಾತು ನನ್ನ ಮೂರೂ ಫೋನಿಗೆ ಬಂದಿದೆ. ನೀವೇನಾ ಆ ಪೆದ್ದ?"

"ನಾನೇ."

"ಮುಖದ ಮುಂದೆ ಬೈಸ್ಕೊಂಡು ಸುಮ್ನಿದ್ರಲ್ರೀ. ನಾಚಿಕೆ ಆಗ್ಲಿಲ್ವಾ ನಿಮಗೆ?"

"ನೀವು ಬೈತಾ ಬೈತಾ ನಂಗೆ ಬೇಕಾದ್ದನ್ನೆಲ್ಲ ಹೇಳ್ತಿದ್ರಿ. ನಡುವೆ ಬಾಯಿ ಹಾಕಿದ್ರೆ ನಿಲ್ಸಿಬಿಡ್ತಿದ್ರಿ."

ಬೇಕರಿಯವರು ಇವರನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಹೊಟ್ಟೆ ಕುಲುಕಲು ಶುರುವಾಯಿತು. ನಗುವಿಗೆ ಕೈ ಅಲ್ಲಾಡಿ ಮೆಷಿನ್ ಕಿರುಚಿಕೊಂಡಿತು. ನರ್ಸಮ್ಮ ಓಡಿ ಬಂದು ಇಬ್ಬರನ್ನೂ ಸೇರಿಸಿ ಬೈದರು. ಅವರು ಆ ಕಡೆ ಹೋದ ಮೇಲೆ ಬೇಕರಿಯವರು ಖಾಲಿ ಕೈಯಲ್ಲೇ ಫೋನ್ ಒತ್ತಿ ದುಡ್ಡು ಕಟ್ಟಿದರು. ಎರಡು ಚಾರ್ಜರಿನ ಬೆಲೆ. ಮೂರೂ ಬೇಕರಿ ಒಂದೇ ಫೋನಿನಲ್ಲಿ ಸಾಲಾಗಿ ಬಂದು ನಿಂತವು. ಉಳಿದ ಎರಡನ್ನೂ ಅವರು ಆಫ್ ಮಾಡಿ ಚೀಲಕ್ಕೆ ಎಸೆದರು.

"ಇದನ್ನ ಇನ್ನೊಂದು ಫೋನಲ್ಲೂ ನೋಡೋ ಹಾಗೆ ಮಾಡ್ತೀರಾ?" ಎಂದು ಆಮೇಲೆ ಕೇಳಿದರು. "ನಮ್ಮನೆಯೋಳಿಗೆ. ಬನ್ನಿನ ವಿಷ್ಯದಲ್ಲಿ ನಾನು ಬೈದದ್ದಕ್ಕೆ ಇನ್ನೂ ಮಾತಾಡ್ತಿಲ್ಲ."

"ಅದಕ್ಕೆ ಇನ್ನೂ ಅರ್ಧ ಚಾರ್ಜರ್ ಆಗುತ್ತೆ."

"ನೀವು ಪೆದ್ದ ಅಲ್ಲ ಬಿಡಿ."

ಬೇಕರಿಯವರು ಸುಮ್ಮನೆ ಇರುವ ಜಾತಿಯಲ್ಲ. ಶಾಖೆ ಇರುವ ತಮ್ಮ ಸ್ನೇಹಿತರಿಗೆಲ್ಲ ಮಲಗಿದಲ್ಲಿಂದಲೇ ಫೋನ್ ಮಾಡಿದರು. ನಾನೂ ನಿಮ್ಮ ಹಾಗೇ ಮಾಡ್ತಿದ್ದೆ, ನೀವೂ ಇನ್ನು ಬಿಡಿ ಎಂದು. ಅವತ್ತು ಮನೆಗೆ ಬಂದಾಗ ತಮ್ಮ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಚಪ್ಪಲಿ ಬಿಡುವಷ್ಟರಲ್ಲಿ ಇನ್ನೊಮ್ಮೆ. ನಾನು ಒಲೆಗೆ ಪಾತ್ರೆ ಇಡುವಾಗ ಇನ್ನೊಮ್ಮೆ. ಊಟಕ್ಕೆ ಕೂತಾಗ ಬಿಟ್ಟೂ ಬಿಡದೆ ಬಡಿದುಕೊಂಡಿತು.

"ತಲೆ ಚಿಟ್ಟು ಹಿಡೀತು, ಶಬ್ದ ತೆಗೀತೀನಿ," ಎಂದ ತಮ್ಮ.

"ಮುಟ್ಟಿದ್ರೆ ನೋಡು," ಎಂದರು ಇವರು.

ಅವತ್ತು ಅವರು ಉಪ್ಪಿಲ್ಲದ ಅನ್ನವನ್ನು ಚಪ್ಪರಿಸಿಕೊಂಡು ತಿಂದರು.

ವರ್ಷದ ಕೊನೆಗೆ ಸಾಹುಕಾರರು ಬಂದರು. ನನ್ನ ತಮ್ಮ ಕಂಪ್ಯೂಟರ್ ತೆರೆದು ತೋರಿಸಿದ. ಸಾಹುಕಾರರು ಬೆರಳು ಇಟ್ಟು ಒಂದೊಂದೇ ಸಾಲು ನೋಡಿದರು. ಖರ್ಚು ಕಳೆದು ಉಳಿಯುತ್ತಿತ್ತು. ಎರಡು ವರ್ಷದಲ್ಲಿ ಮೊದಲ ಸಲ.

"ಇವರೆಲ್ಲ ಎಲ್ಲಿಂದ ಬಂದ್ರು?"

"ಎಲ್ಲರೂ ಪುಕ್ಕಟೆ ಇದ್ದವರೇ," ಎಂದ ತಮ್ಮ. "ಹೊರಗಿಂದ ನೇರ ಬಂದು ದುಡ್ಡು ಕಟ್ಟಿದವರು ಒಬ್ಬರೂ ಇಲ್ಲ ಸಾರ್. ಕೆಲವರು ಪುಕ್ಕಟೆ ಹಾಕ್ಕೊಂಡಾಗ ಒಂದೇ ಅಂಗಡಿ ಇತ್ತು. ಆಮೇಲೆ ಎರಡಾಗಿದೆ."

ಸಾಹುಕಾರರು ಬೆರಳನ್ನು ಅಲ್ಲೇ ಇಟ್ಟುಕೊಂಡು ಯೋಚಿಸಿದರು. "ಹಾಗಾದ್ರೆ ನಾನು ಪರದೆ ಎಳೆದಿದ್ರೆ..."

"ಗಿರಾಕೀನ ಹೊರಗೆ ಹಾಕಿ ಒಳಗಿಂದ ಚಿಲಕ ಹಾಕ್ಕೋತಿದ್ರಿ," ಎಂದರು ಇವರು.

"ಕುರ್ಚಿ ಹಾಕಿದ್ದು ಸರಿ ಆಯ್ತು ಅನ್ನಿ."

"ಫ್ಯಾನೂ ಹಾಕೋಣ."

ಸಾಹುಕಾರರು ನಕ್ಕುಬಿಟ್ಟರು. ಎದ್ದು ಹೊರಡುವಾಗ ಇವರು ಅವರ ಅಂಗಿಯ ತೋಳು ಹಿಡಿದರು. "ಎಲ್ಲಿಗೆ? ಮಾತು ಮರೆತ್ರಾ?"

ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಇವರು, ಸಾಹುಕಾರರು, ನೀರಿನ ಬಾಟಲಿ ಹಿಡಿದು ನಾನು. ಆಗ ಇವರಿಗೆ ಹೆಚ್ಚು ನಡೆಯಲು ಆಗುತ್ತಿರಲಿಲ್ಲ. ಎರಡು ಅಂಗಡಿ ಆದ ಮೇಲೆ ಏದುಸಿರು ಬಂತು. ಸಾಹುಕಾರರು ಪಾತ್ರೆ ಮಳಿಗೆಯಿಂದ ಒಂದು ಮಡಚುವ ಸ್ಟೂಲ್ ಕೇಳಿ ತಂದರು. ಆಮೇಲೆ ಆ ಸ್ಟೂಲನ್ನು ತಾವೇ ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಒಂದೊಂದು ಅಂಗಡಿಯ ಮುಂದೂ ಬಿಡಿಸಿ ಇಡುವುದು, ಇವರು ಕೂರುವುದು. ಟೈಲ್ಸ್ ಸಾಹುಕಾರರು ಸ್ಟೂಲ್ ಹೊತ್ತದ್ದನ್ನು ನೋಡಲು ಜನ ಅಂಗಡಿಯಿಂದ ಹೊರಗೆ ಬಂದರು.

"ಏನು ಸಾಹುಕಾರ್ರೇ, ಕುರ್ಚಿ ವ್ಯಾಪಾರಕ್ಕೂ ಇಳಿದ್ರಾ?"

"ಬಾಯಿ ಮುಚ್ಕೊಂಡು ಕೇಳಿ," ಎನ್ನುತ್ತಿದ್ದರು ಅವರು. "ಒಂದು ಅಂಗಡಿಗೆ ಕೈಗನ್ನಡಿ ಯಾವತ್ತೂ ಪುಕ್ಕಟೆ. ಮುಚ್ತೀವಿ ಅಂತ ಯಾರಾದ್ರೂ ಅಂದಿದ್ರೆ ಅದು ನಾನು. ನಾನೇ ಈಗ ಇಲ್ಲ ಅಂತಿದ್ದೀನಿ."

ಸೈಕಲ್ ಅಂಗಡಿಯವರು ಗಲ್ಲಾ ಬಿಟ್ಟು ಇಳಿದು ಬಂದು ಇವರ ಎರಡೂ ಕೈ ಹಿಡಿದುಕೊಂಡರು.  

ಮಧ್ಯಾಹ್ನವಾಗುತ್ತಾ ಬಂತು. ಬಿಸಿಲು ಏರಿತು. ಸಾಹುಕಾರರ ಅಂಗಿ ಬೆನ್ನಿಗೆ ಅಂಟಿತ್ತು. "ತಕ್ಕಡಿ, ಉಳಿದವರಿಗೆ ಫೋನಲ್ಲಿ ಹೇಳೋಣ. ನಿಮಗೂ ಸುಸ್ತು."

"ನಂಗೆ ಸ್ಟೂಲ್ ಇದೆ. ಸುಸ್ತಾಗಿರೋದು ನಿಮಗೆ."

ಹಾಗೆ ಬೀದಿಯ ತುದಿಯವರೆಗೂ ಹೋದೆವು. ಕೊನೆಯದು ಗುಂಡಿ, ದಾರ, ಜಿಪ್ಪು ಮಾರುವ ಪುಟ್ಟ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ವಯಸ್ಸಾದ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಗುಂಡಿಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ಹಾಕುತ್ತಿದ್ದರು. ಪಕ್ಕದಲ್ಲಿ ಫೋನಿನಲ್ಲಿ ಕೈಗನ್ನಡಿ ತೆರೆದಿತ್ತು. ಸಾಹುಕಾರರು ಬೆಳಿಗ್ಗೆಯಿಂದ ಹೇಳಿದ್ದನ್ನೇ ಹೇಳಿದರು.

"ಮುಚ್ತಾರೆ ಅಂತ ಯಾರಂದ್ರು?" ಎಂದರು ಆಕೆ. "ಈ ಅಣ್ಣ ಯಾವತ್ತೂ ಪುಕ್ಕಟೆ ಅಂದಿದ್ರಲ್ಲ. ನಂಗೆ ಯೋಚನೇನೇ ಇರ್ಲಿಲ್ಲ."

"ಮುಂದೆ ಎರಡನೇ ಅಂಗಡಿ ಏನಾದ್ರೂ ಹಾಕೋ ಯೋಚನೆ ಇದೆಯಾ ತಾಯಿ?" ಸಾಹುಕಾರರು ಬಿಡುವವರಲ್ಲ.

"ಅಯ್ಯೋ, ಇದೊಂದೇ ಸಾಕಾಗಿದೆ. ಸಾಯೋ ತನಕ ಇದೊಂದೇ."

"ಹಾಗಾದ್ರೆ ನಿಮ್ಮ ಕಡೆಯಿಂದ ಒಂದು ಕಾಸೂ ಬರಲ್ಲ."

"ಬರಲ್ಲ," ಎಂದರು ಆಕೆ. ಕನ್ನಡಕ ಏರಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾರು?"

"ನಾನಾ? ಇದಕ್ಕೆ ದುಡ್ಡು ಹಾಕಿದವನು."

"ಪಾಪ," ಎಂದರು ಆಕೆ. ಮತ್ತೆ ಗುಂಡಿ ಆರಿಸಲು ಕೂತರು.

ಇವರು ಸ್ಟೂಲಿನ ಮೇಲೆ ಕೂತು ನಕ್ಕರು. ಕಾಯಿಲೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಏಳೋಣ ಎಂದು ಎರಡು ಸಲ ನೋಡಿದರು, ನಗು ಬಿಡಲಿಲ್ಲ. ಕೊನೆಗೆ ಸಾಹುಕಾರರೇ ಅವರ ಕೈ ಹಿಡಿದು ಎಬ್ಬಿಸಿದರು.